ಆಡು ನುಂಗಿದ ಉಂಗುರ

ನಮ್ಮ ಅಬ್ಬಾ ವಾಡಿ ಜಂಕ್ಷನ್ನಿನಲ್ಲಿ ರೈಲಿನ ಡಬ್ಬಿ ಗುಡಿಸುವ ಕೆಲಸದಲ್ಲಿದ್ದರು. ಪ್ರಯಾಣಿಕರು ಬಿಟ್ಟುಹೋದ ಮಕ್ಕಳ ಮಾಸಪತ್ರಿಕೆ ಸಿಕ್ಕರೆ ಬಗಲಲ್ಲಿಟ್ಟುಕೊಂಡು ಮನೆಗೆ ತರುತ್ತಿದ್ದರು. ಕನ್ನಡ ಶಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಓದುವ ಕೆಲಸ ನನ್ನದು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವುದು, ಅಮ್ಮಿ ರೊಟ್ಟಿ ಬಡಿಯುತ್ತ ಕೇಳುವುದು. ಮನೆಯಲ್ಲಿ ದಖನಿ ಉರ್ದು ಆಡುತ್ತಿದ್ದ ಅಮ್ಮಿ ಕನ್ನಡ ಕಲಿತದ್ದು ರೈಲ್ವೆ ಕ್ವಾರ್ಟರ್ಸಿನ ನಳದ ಮುಂದೆ, ಕೊಡ ಹಿಡಿದು ನಿಂತ ಹೆಂಗಸರ ಜೊತೆ. ಮಿಕ್ಕಿದ್ದನ್ನು ಕಲಿಸಿದವರು ಆ ಪತ್ರಿಕೆಯಲ್ಲಿ ತಿಂಗಳಿಗೊಂದು ಕತೆ ಬರೆಯುತ್ತಿದ್ದ ಒಬ್ಬ ಲೇಖಕರು. ಅವರ ಕತೆ ಇಲ್ಲದ ಸಂಚಿಕೆ ಬಂದರೆ ಅಮ್ಮಿ, ‘ಇದು ಬ್ಯಾಡ, ಒಲಿಗೆ ಹಾಕು’ ಅನ್ನುತ್ತಿದ್ದಳು.

ರೈಲಿನಲ್ಲಿ ಸಿಕ್ಕ ಪತ್ರಿಕೆ ಪೂರ್ತಿ ಎಲ್ಲಿರುತ್ತದೆ? ಒಂದು ಸಲ ಒಳ್ಳೆಯ ಕತೆಯ ಕೊನೆಯ ಹಾಳೆಯನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡಿದ್ದರು. ಒಬ್ಬ ಮುದುಕಿಯ ಆಡು ರಾಜನ ಉಂಗುರ ನುಂಗುತ್ತದೆ. ಆಡಿನ ಹೊಟ್ಟೆ ಸೀಳಿ ಉಂಗುರ ತೆಗೆಯಿರಿ ಎಂದು ರಾಜ ಚೂರಿ ತರಿಸುತ್ತಾನೆ. ಅಲ್ಲಿಗೆ ಹಾಳೆ ಮುಗಿಯಿತು. ನಾನು ಅಳುತ್ತ ಕುಳಿತೆ. ಅಮ್ಮಿ ಕೈಯ ಹಿಟ್ಟು ಕೊಡವಿ ಮುದುಕಿಯೇ ಆದಳು.

‘ಏ ರಾಜಾ, ಚೂರಿ ಒಳಗ ಇಡು. ಮುಂಜಾನಿ ತನಕ ಸಬೂರ್ ಮಾಡು. ಹಿಕ್ಕಿ ಸಂಗಟ ನಿನ್ನ ಉಂಗುರ ತಾನೇ ಹೊರಗ ಬರ್ತದ. ಖರೆ, ಹುಡುಕೋದು ಮಾತ್ರ ನೀನೇ ಹುಡುಕಬೇಕು ನೋಡು.’

ಕಿರೀಟ ತೊಟ್ಟ ರಾಜ ಕುಕ್ಕರಗಾಲಲ್ಲಿ ಕುಳಿತು ಆಡಿನ ಹಿಕ್ಕಿ ಕೆದಕುವುದನ್ನು ಅಮ್ಮಿ ಮಾಡಿ ತೋರಿಸಿದಾಗ ನಾವು ಬಿದ್ದು ಬಿದ್ದು ನಕ್ಕೆವು. ಕ್ವಾರ್ಟರ್ಸಿನ ಎಲ್ಲ ಮಕ್ಕಳೂ ಆ ಕತೆ ಕೇಳಿಯೇ ದೊಡ್ಡವರಾದರು. ಆದರೆ ಅಮ್ಮಿಯ ತಲೆಯಲ್ಲಿ ಒಂದು ಹುಳ ಉಳಿದುಬಿಟ್ಟಿತು. ಬರೆದವರು ಏನು ಬರೆದಿದ್ದರು? ಆಡು ಉಳಿಯಿತೋ ಇಲ್ಲವೋ? ‘ಅವರು ಎಲ್ಲ್ಯಾದರೂ ಸಿಕ್ಕರ ಕೇಳ್ತೀನಿ, ನಂದೂ ಹೇಳ್ತೀನಿ’ ಅನ್ನುತ್ತಿದ್ದಳು.

ವರ್ಷಗಳು ಉರುಳಿದವು. ರಾಜ್ಯದ ಹೆಸರು ಕರ್ನಾಟಕ ಎಂದಾಯಿತು, ಅಬ್ಬಾ ತೀರಿಕೊಂಡರು, ನಾನು ಸೇಡಮ್ಮಿನಲ್ಲಿ ಕನ್ನಡ ಶಿಕ್ಷಕಿಯಾದೆ. ಆ ಲೇಖಕರು ನಮ್ಮೂರಿಗೆ ಭಾಷಣಕ್ಕೆ ಬರುತ್ತಾರೆಂದು ತಿಳಿದ ದಿನ ವಾಡಿಗೆ ಹೇಳಿಕಳಿಸಿದೆ. ಅಮ್ಮಿ ಪ್ಯಾಸೆಂಜರ್ ಹಿಡಿದು ಬಂದೇಬಿಟ್ಟಳು, ಈದ್‌ಗೆ ಉಡುವ ಸೀರೆಯಲ್ಲಿ. ಚಿತ್ತಾಪುರ ದಾಟುವ ತನಕ ಮನಸ್ಸಿನಲ್ಲೇ ಕತೆ ಹೇಳಿಕೊಂಡು ಬಂದಳಂತೆ, ಎಲ್ಲೂ ತಪ್ಪಬಾರದೆಂದು.

ಶಾಲೆಯ ಹಾಲ್ ತುಂಬಿತ್ತು. ಅವರು ನಾನಂದುಕೊಂಡದ್ದಕ್ಕಿಂತ ಗಿಡ್ಡ, ನಗು ಚೆನ್ನಾಗಿತ್ತು. ಮೈಕಿನ ಮುಂದೆ ನಿಂತು ಅವರು ಆಡಿದ ಮೊದಲ ಮಾತು: ‘ನಿನ್ನೆಯಿಂದ ಈ ಕಡೆ ಕನ್ನಡ ಹುಡುಕುತ್ತಿದ್ದೇನೆ, ಇನ್ನೂ ಸಿಕ್ಕಿಲ್ಲ.’ ಆಮೇಲೆ ಟಾಂಗಾದವನ ಮಾತು, ಚಹಾದಂಗಡಿಯವನ ಮಾತು ಎಂದು ಮೂಗಿನಲ್ಲಿ ಅನುಕರಿಸಿ ತೋರಿಸಿದರು. ‘ಅರ್ಧ ಉರ್ದು, ಕಾಲು ಮರಾಠಿ, ಉಳಿದದ್ದು ದೇವರಿಗೇ ಗೊತ್ತು. ಮಕ್ಕಳ ಕಿವಿಗೆ ಇದು ಬೀಳದಂತೆ ನೋಡಿಕೊಳ್ಳಿ.’

ನಮ್ಮ ಜನ ನಕ್ಕರು. ತಮ್ಮನ್ನೇ ಬೈದರೂ ಚಪ್ಪಾಳೆ ಹೊಡೆಯುವ ಜನ ನಾವು. ನಾಲ್ಕೂ ಕಡೆ ನಗು ಎದ್ದಿದ್ದರಿಂದ ಪಕ್ಕದಲ್ಲಿದ್ದ ಅಮ್ಮಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಎದ್ದು ಹೋಗೋಣ ಅಂದೆ. ‘ಆಡಿಂದು ಇನ್ನಾ ಕೇಳಿಲ್ಲಲ್ಲ’ ಅಂದಳು ಅವಳು.

ಭಾಷಣ ಮುಗಿದ ಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಅವರ ಮುಂದೆ ಹೋಗಿ ನಿಂತಳು. ‘ಸಲಾಮ್ರಿ. ನಿಮ್ಮ ಆಡಿನ ಕತಿ ಅದ ಅಲ್ರಿ, ಉಂಗುರ ನುಂಗಿದ್ದು. ಆಖ್ರಿ ಹಾಳಿ ನಮಗ ಸಿಗಲಿಲ್ರಿ. ನಾ ಏನ್ ಮಾಡೀನಿ ಅಂದ್ರ’ ಎಂದು ಶುರು ಮಾಡಿದಳು. ಅವರು ನಗತೊಡಗಿದರು. ಹಿಕ್ಕಿಯ ತನಕ ಬರುವಷ್ಟರಲ್ಲಿ ಜೋರಾಗಿ ನಕ್ಕರು. ತನ್ನ ಕತೆಗೇ ನಗುತ್ತಿದ್ದಾರೆಂದು ಅಮ್ಮಿಯ ಮುಖ ಅರಳಿತು. ಆಗ ಅವರು ಸಂಘಟಕರ ಕಡೆ ತಿರುಗಿ, ‘ನೋಡಿದಿರಾ, ನಾನು ವೇದಿಕೆಯ ಮೇಲೆ ಹೇಳಿದ್ದು ಇದನ್ನೇ. ಸಾಕ್ಷಿ ತಾನಾಗಿಯೇ ನಡೆದು ಬಂತು’ ಅಂದರು.

ಅಮ್ಮಿಯ ಮಾತು ಅಲ್ಲೇ ನಿಂತಿತು. ಕನ್ನಡ ಅವಳಿಗೆ ಅಷ್ಟು ಅರ್ಥವಾಗುತ್ತಿತ್ತು.

ನನ್ನ ಬಾಯಿ ಮೊದಲಿನಿಂದಲೂ ಜೋರು. ‘ಅವರು ಕೇಳಿದ್ದಕ್ಕೆ ಉತ್ತರ ಕೊಡಿ ಸರ್. ಆಡು ಉಳಿಯಿತೋ ಇಲ್ಲವೋ?’ ಅಂದೆ. ಅಮ್ಮಿ ನನ್ನ ರಟ್ಟೆ ಚಿವುಟಿದಳು. ಅವರು ಹಣೆ ಒರೆಸಿಕೊಂಡು, ‘ಎಷ್ಟೋ ಬರೆದಿದ್ದೇನಮ್ಮ, ಯಾವುದೆಂದು ನೆನಪಿಡಲಿ?’ ಎಂದು ಊಟಕ್ಕೆ ನಡೆದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದವರಿಗೆ ಏನು ಹೋಯಿತು? ಹೋದದ್ದೆಲ್ಲ ನಮ್ಮದೇ.

ಮನೆಗೆ ಬರುವಾಗ ದಾರಿಯುದ್ದಕ್ಕೂ ನಾನು ಅವರನ್ನು ಬೈದೆ. ಸಂಜೆ ನನ್ನ ಮಗಳು ಅಮ್ಮಿಯ ತೊಡೆಯೇರಿ ಆಡಿನ ಕತೆಯನ್ನೇ ಬೇಡಿದಳು. ಅಮ್ಮಿ ಶಾಲೆಯ ಹುಡುಗರು ಪಾಠ ಒಪ್ಪಿಸುವ ಹಾಗೆ ಶುರು ಮಾಡಿದಳು.

‘ಒಂದು... ಊರಿನಲ್ಲಿ... ಒಬ್ಬಳು ಮುದುಕಿ... ಇದ್ದಳು.’

‘ನಾನೀ, ಹಿಂಗ್ಯಾಕ ಮಾತಾಡ್ಲಿಕತ್ತಿ? ಆರಾಮ ಇಲ್ಲೇನು?’ ಅಂದಳು ಮೊಮ್ಮಗಳು.

‘ಚುಪ್ ಕುಂದ್ರು ಬೇಟಿ’ ಎಂದು ಅಮ್ಮಿ ಒಂದೊಂದೇ ಪದ ಹುಡುಕುತ್ತ ಮುಂದೆ ಹೋದಳು. ನನಗೆ ಕೇಳಲಾಗಲಿಲ್ಲ, ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ. ಕತೆ ರಾಜನ ಚೂರಿಯ ತನಕ ಬಂದು ನಿಂತಿತು.

‘ಬೇಟಿ,’ ಎಂದು ನನ್ನನ್ನು ಕೂಗಿದಳು, ‘ಹಿಕ್ಕಿಗೆ ಛಲೋ ಕನ್ನಡದಾಗ ಏನಂತಾರ?’

‘ಹಿಕ್ಕೀನೇ ಅಂತಾರ ಅಮ್ಮಿ.’

‘ಇಲ್ಲ, ಬ್ಯಾರೆ ಇರ್ತದ’ ಅಂದಳು. ಮಗುವನ್ನು ತೊಡೆಯಿಂದ ಇಳಿಸಿದಳು. ಆಮೇಲೆ ಬದುಕಿದ್ದಷ್ಟು ದಿನ ಅವಳು ಯಾರಿಗೂ ಕನ್ನಡದಲ್ಲಿ ಕತೆ ಹೇಳಲಿಲ್ಲ.