ಖಾಲಿ ಕಣಜದ ಅಣಬೆ

ಕಾಳಿಘಾಟ್‌ನ ಹಿಂದಿನ ಓಣಿಯಲ್ಲಿ ಮೂರ್ತಿ ಮಾಡುವವರು ಭತ್ತದ ಹುಲ್ಲನ್ನು ಬೀದಿಬದಿಗೇ ಒಟ್ಟಿರುತ್ತಾರೆ. ಮೊದಲು ಹುಲ್ಲಿನಿಂದ ದೇವಿಯ ಮೈ ಕಟ್ಟಿ, ಆಮೇಲೆ ಮಣ್ಣು ಮೆತ್ತುತ್ತಾರೆ. ಮೊನ್ನೆ ಬೆಳಗ್ಗೆ ಆ ದಾರಿಯಲ್ಲಿ ಹೋಗುತ್ತಿದ್ದೆ. ಮಳೆಯಲ್ಲಿ ನೆನೆದ ಒಂದು ಹೊರೆ ಬಿಸಿಲಿಗೆ ಸಣ್ಣಗೆ ಹಬೆಯಾಡುತ್ತಿತ್ತು. ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಗಂಜಿ ಬೇಯುವಾಗಿನಂಥ ವಾಸನೆ... ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ರಿಕ್ಷಾದವನು ಗಂಟೆ ಬಾರಿಸಿದಾಗ ಪಕ್ಕಕ್ಕೆ ಸರಿದೆ. ತರಕಾರಿಗೆಂದು ಹೊರಟವಳು ಬರಿಗೈಯಲ್ಲಿ ಮನೆಗೆ ಬಂದೆ.

ಮೇಲಿನ ಮನೆಯ ಅಕ್ಕ ತೀರಿಕೊಂಡ ಸುದ್ದಿ ಬಂದದ್ದು ಹೋದ ತಿಂಗಳು. ಫೋನ್ ಬಂದ ದಿನ ಅಳು ಬರಲಿಲ್ಲ. ಅಂದಿನಿಂದ ಒಂದು ಕಡೆ ಕೂರಲೂ ಆಗುತ್ತಿಲ್ಲ. ಇದನ್ನು ಬರೆಯುತ್ತಿರುವಾಗಲೂ ನಡುವೆ ಎದ್ದು ಒಲೆ ಆರಿಸಿದ್ದೇನೋ ಇಲ್ಲವೋ ನೋಡಿ ಬರುತ್ತೇನೆ, ಮತ್ತೆ ಕೂರುತ್ತೇನೆ.

ನಾನು ಮದುವೆಯಾಗಿ ಮೈಸೂರಿನಿಂದ ಬಂಗಾಳದ ಈ ಊರಿಗೆ ಬಂದ ಹೊಸತು ಅದು. ಯಜಮಾನರಿಗೆ ಗಾರ್ಡನ್ ರೀಚ್ ಕಡೆ ಕೆಲಸ. ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು. ಗರಿಯಾಹಾಟ್ ಹತ್ತಿರದ ಹಳೆಯ ಮನೆಯೊಂದರ ನಡುವಿನ ಮಹಡಿ ನಮ್ಮದು, ಮೇಲಿನದು ಅಕ್ಕನದು. ಅಕ್ಕ ಧಾರವಾಡದ ಕಡೆಯವರು, ನನ್ನ ತಾಯಿಯ ವಯಸ್ಸಿನವರು, ಒಬ್ಬರೇ ಇದ್ದರು. ಇಲ್ಲಿಯ ಕೃಷಿ ವಿಶ್ವವಿದ್ಯಾಲಯವೊಂದರ ವಿಸ್ತರಣಾ ವಿಭಾಗದಲ್ಲಿ ಅವರಿಗೆ ಕೆಲಸ. ತರಗತಿಯಲ್ಲಿ ನಿಂತು ಪಾಠ ಮಾಡುವುದಲ್ಲ, ಹಳ್ಳಿಗಳಿಗೆ ಹೋಗಿ ಅಲ್ಲಿಯವರ ಜೊತೆ ಬೆಳೆ ಬೆಳೆದು ತೋರಿಸುವ ಕೆಲಸ. ಅವರು ಕೂತದ್ದನ್ನು ನಾನು ನೋಡಿದ್ದೇ ಕಡಿಮೆ. ಚಹಾ ಕುಡಿಯುವುದು ನಿಂತು, ಊಟ ಮಾಡುವುದು ನಿಂತು. ನಮ್ಮ ತಲೆಯ ಮೇಲೆ ಅವರ ಚಪ್ಪಲಿಯ ಸದ್ದು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಲೇ ಇರುತ್ತಿತ್ತು. ಭಾಷೆ ಬಾರದ ಊರಿನಲ್ಲಿ, ಒಬ್ಬಳೇ ಇರುತ್ತಿದ್ದ ಹಗಲಿನಲ್ಲಿ, ನನಗೆ ಆ ಸದ್ದೇ ಜೊತೆ.

ಒಂದು ದಿನ ಮೆಟ್ಟಿಲಿನಲ್ಲಿ ನಿಲ್ಲಿಸಿ ಕೇಳಿದರು: "ಮನ್ಯಾಗ ಕುಂತು ಏನು ಗ್ವಾಡಿ ಕಾಯ್ತೀಯೇನವಾ? ನನ್ನ ಕೂಡ ಬಾ. ಚೀಲ ಹಿಡಿಯಾಕ ಒಬ್ರು ಬೇಕಾಗೇತಿ."

"ಅಕ್ಕಾ, ನಂಗೆ ಅವರ ಭಾಷೇನೇ ಬರಲ್ವಲ್ಲ."

"ಚೀಲಕ್ಕ ಯಾವ ಭಾಷಾ ಬೇಕವಾ?"

ಹಾಗೆ ಹೊರಟದ್ದು ನಾನು. ನಮ್ಮ ಬಸ್ಸು ಊರಿನ ಪೂರ್ವಕ್ಕೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳನ್ನು ದಾಟಿ ಹೋಗುತ್ತಿತ್ತು. ಕೊರಳಿಗೆ ಗುರುತಿನ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಬಸ್ಸಿನ ತುಂಬ. ಒಮ್ಮೊಮ್ಮೆ ಅವರ ನಡುವೆ ಬೆಂಗಳೂರಿನ ಕನ್ನಡವೂ ಕಿವಿಗೆ ಬೀಳುತ್ತಿತ್ತು. ಅವರೆಲ್ಲ ಇಳಿದ ಮೇಲೆ ಬಸ್ಸು ಖಾಲಿ. ಕೊನೆಯ ನಿಲ್ದಾಣದವರೆಗೆ ಉಳಿಯುತ್ತಿದ್ದವರು ನಾವಿಬ್ಬರು, ನಮ್ಮ ಮಡಿಲಲ್ಲಿ ಅಣಬೆಯ ಬೀಜದ ಪೊಟ್ಟಣಗಳು.

ಆ ಹಳ್ಳಿಯ ಗದ್ದೆಗಳೆಲ್ಲ ಹೊಸ ನಗರಕ್ಕೆ ಹೋಗಿದ್ದವು. ಮನೆಗಳು ಉಳಿದಿದ್ದವು, ಹಿತ್ತಲ ಕೊಳಗಳು ಉಳಿದಿದ್ದವು. ಅವುಗಳ ಆಚೆಗೆ ಕ್ರೇನುಗಳು. ಗಂಡಸರು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು, ಹರೆಯದ ಹೆಂಗಸರು ಹೊಸ ಫ್ಲಾಟುಗಳಲ್ಲಿ ಪಾತ್ರೆ ತೊಳೆಯಲು. ಉಳಿದವರಿಗೆ ಏನು ಎಂಬುದು ಅಕ್ಕನ ತಲೆಬಿಸಿ. ಅಣಬೆಗೆ ಹೊಲ ಬೇಡ. ಬೇಯಿಸಿದ ಹುಲ್ಲು, ಬೀಜ, ತಂಪಾದ ಒಂದು ಕೋಣೆ ಇದ್ದರೆ ಸಾಕು. ಆ ಚಳಿಗಾಲದಲ್ಲಿ ಒಂದು ಬೆಳೆ ಕೈಗೆ ಬಂದರೆ ವಿಶ್ವವಿದ್ಯಾಲಯದವರು ಮುಂದಿನ ವರ್ಷವೂ ಬೀಜ ಕೊಡುತ್ತಿದ್ದರು. ಬರದಿದ್ದರೆ ಆ ಬೀಜ ಬೇರೆ ಊರಿಗೆ. ಹೆಂಗಸರೂ ಅದನ್ನೇ ಹೇಳಿದ್ದರು: ಮಾಶಿಯ ಮನೆಯಲ್ಲಿ ಬಂದರೆ ನಾವೂ ಹಾಕುತ್ತೇವೆ, ಬರದಿದ್ದರೆ ಇಲ್ಲ.

ಮಾಶಿ ಎಂದರೆ ಚಿಕ್ಕಮ್ಮ. ಊರಿಗೆಲ್ಲ ಆಕೆ ಮಾಶಿ. ಆಕೆಯ ಕಣಜದ ಕೋಣೆ ಖಾಲಿಯಿತ್ತು. ಮಣ್ಣಿನ ಗೋಡೆ, ತಗ್ಗಿನ ಬಾಗಿಲು, ಕಿಟಕಿಯೆಂದರೆ ಎರಡು ಕಿಂಡಿ. ಅಂಗಳದಲ್ಲಿ ಹಂಡೆಯಿಟ್ಟು ಹುಲ್ಲು ಬೇಯಿಸಿ, ಹಿಂಡಿ, ಪದರ ಪದರವಾಗಿ ಬೀಜ ಹಾಕಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿದೆವು. ಆ ಹುಲ್ಲನ್ನು ದೂರದ ಊರಿನಿಂದ ಕೊಂಡು ತರಿಸಬೇಕಾಗಿತ್ತು. "ಕಣಜ ನನ್ನದು, ಹುಲ್ಲು ಯಾರದೋ," ಎಂದು ಮಾಶಿ ನಕ್ಕರು. "ಮದುವೆಗೆ ಪಕ್ಕದ ಮನೆಯಿಂದ ವರನನ್ನು ಎರವಲು ತಂದ ಹಾಗಾಯ್ತು, ದಿದಿಮೋನಿ." ಹಳ್ಳಿಯವರು ಅಕ್ಕನನ್ನು ದಿದಿಮೋನಿ ಎನ್ನುತ್ತಿದ್ದರು, ಮೇಡಂ ಎಂದ ಹಾಗೆ. ಅವರ ಮಾತನ್ನು ಅಕ್ಕ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಬರಬರುತ್ತಾ ನನಗೇ ಅರ್ಥವಾಗತೊಡಗಿತು.

ಚೀಲಗಳನ್ನು ಹಗ್ಗದಲ್ಲಿ ತೂಗುಹಾಕಿದೆವು. ಬೀಜದಿಂದ ಹೊರಟ ಬಿಳಿಯ ನೂಲು ಹುಲ್ಲಿನ ತುಂಬ ಚೆನ್ನಾಗಿಯೇ ಹಬ್ಬಿತು. ಆದರೆ ಚೀಲ ಸೀಳಿದ ಮೇಲೆ ಬಂದದ್ದು ಅಣಬೆಯಲ್ಲ... ಬೆರಳಿನಂಥ ಉದ್ದುದ್ದ ಕಾಂಡಗಳು, ಮೇಲೆ ಕೊಡೆಯೇ ಇಲ್ಲ. "ಮಾಶಿ, ನಿಮ್ಮ ಕಣಜದಲ್ಲಿ ದೆವ್ವ ಕೈ ಚಾಚಿದೆ," ಎಂದಳು ಪಕ್ಕದ ಮನೆಯವಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಬೀಜ ನೋಡಿದರು, ನೀರು ನೋಡಿದರು, ಹುಲ್ಲು ಮೂಸಿದರು. ಕೋಣೆಗೆ ಗಾಳಿ ಸಾಲದಾಗ ಹೀಗಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಬಾಗಿಲು ಮುಚ್ಚುತ್ತೀರಾ ಎಂದು ಕೇಳಿದರೆ ಮಾಶಿ ಇಲ್ಲವೆಂದರು. ನಾವು ಯಾವಾಗ ಹೋದರೂ ಬಾಗಿಲು ತೆರೆದೇ ಇರುತ್ತಿತ್ತು. ಆ ವಾರವೆಲ್ಲ ನಮ್ಮ ತಲೆಯ ಮೇಲೆ ಚಪ್ಪಲಿಯ ಸದ್ದು ನಿಲ್ಲಲೇ ಇಲ್ಲ. ಎರಡನೆಯ ಬೆಳೆಯೂ ಹೀಗೆಯೇ ಬಂದರೆ ಆ ಊರಿನ ಕೆಲಸ ಮುಗಿಯಿತೆಂದೇ ಲೆಕ್ಕ.

ಒಂದು ದಿನ ನಾವು ಹತ್ತುತ್ತಿದ್ದ ನಾಲ್ಕರ ಬಸ್ಸು ಬರಲಿಲ್ಲ. ದಾರಿಯಲ್ಲೆಲ್ಲೋ ಮೆರವಣಿಗೆಯಂತೆ. ಮತ್ತೆ ಮಾಶಿಯ ಅಂಗಳಕ್ಕೇ ಬಂದೆವು. ಹೊತ್ತು ಇಳಿಯಿತು. ಮಾಶಿ ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಮಣ್ಣಿನ ಧೂಪಾರತಿಯಲ್ಲಿ ತೆಂಗಿನ ನಾರಿನ ಕೆಂಡ ಮಾಡಿ ಧೂನೊ ಉದುರಿಸಿದರು. ಬಂಗಾಳದ ಮನೆಗಳಲ್ಲಿ ಮುಸ್ಸಂಜೆಗೆ ಹಾಕುವ ಧೂಪ ಅದು. ತುಳಸಿಗೆ ತೋರಿಸಿದರು, ದೇವರ ಮೂಲೆಗೆ ತೋರಿಸಿ ಅಲ್ಲಿದ್ದ ಶಂಖ ಊದಿದರು. ಆಮೇಲೆ ಬಗ್ಗಿ ಕಣಜದ ಕೋಣೆಯೊಳಗೆ ಹೋದರು. ತೂಗುವ ಒಂದೊಂದು ಚೀಲದ ಸುತ್ತಲೂ ಧೂಪ ಸುತ್ತಿಸಿದರು. ಧೂಪಾರತಿಯನ್ನು ನಡುನೆಲದಲ್ಲಿಟ್ಟು, ಹೊರಗೆ ಬಂದು, ಬಾಗಿಲೆಳೆದು ಅಗಳಿ ಹಾಕಿದರು.

ಅಕ್ಕ ನನ್ನ ಮುಂಗೈ ಹಿಡಿದರು. "ನೋಡಿದೇನವಾ? ನಾವು ದಿನಾ ನಾಕರ ಬಸ್ಸಿಗೆ ಓಡ್ತಿದ್ವಿ."

ಮೆಲ್ಲಗೆ ಹೇಳಿದರು ಮಾಶಿಗೆ: ಈ ಬೆಳೆಗೆ ಹೊಗೆ ಆಗುವುದಿಲ್ಲ, ಉಸಿರು ಕಟ್ಟುತ್ತದೆ.

ಮಾಶಿಯ ಮುಖ ಗಂಟಾಯಿತು. "ಭತ್ತ ಇದ್ದಾಗ ಲಕ್ಷ್ಮಿಗೆ ಧೂಪ ತೋರಿಸಿದೆ. ಭತ್ತ ಇಲ್ಲ ಅಂತ ಈಗ ಬಿಡೋದಾ? ನಮ್ಮತ್ತೆ ನೆರೆ ಬಂದ ವರ್ಷವೂ ಬಿಟ್ಟಿರಲಿಲ್ಲ. ಕಣಜ ಖಾಲಿ ಅಂತ ನಾನೇ ಒಪ್ಪಿಕೊಂಡ್ರೆ ಅವಳು ಎದ್ದು ಹೋಗ್ತಾಳೆ, ದಿದಿಮೋನಿ."

ಅಕ್ಕ ಕಣಜದ ಹೊಸ್ತಿಲ ಪಕ್ಕದಲ್ಲಿ, ಮಣ್ಣಿನ ಮೇಲೆ, ಕೂತುಬಿಟ್ಟರು. ಕಾಲು ಕುಣಿಸದೆ, ಕೈಯಲ್ಲಿ ಏನನ್ನೂ ತಿರುವದೆ ಅವರು ಹಾಗೆ ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬಾಗಿಲ ಸಂದಿನಿಂದ ಹೊಗೆ ಎಳೆಎಳೆಯಾಗಿ ಬರುತ್ತಿತ್ತು.

ಅಷ್ಟರಲ್ಲಿ ಮಾಶಿಯ ಸೊಸೆ ಫ್ಲಾಟುಗಳ ಕೆಲಸ ಮುಗಿಸಿ ಬಂದಳು. ಕಾಲು ತೊಳೆಯುತ್ತಾ ವಿಷಯ ಕೇಳಿಸಿಕೊಂಡಳು. "ಮಾ, ನಾನು ಪಾತ್ರೆ ತೊಳೆಯೋ ಮನೆಗಳಲ್ಲಿ ಒಲೆ ಮೇಲೆ ಹೊಗೆ ಎಳೆಯೋ ಯಂತ್ರ ಇಟ್ಟಿದ್ದಾರೆ," ಎಂದಳು. "ಲಕ್ಷ್ಮಿ ಯಾಕೆ ಅಲ್ಲಿಗೇ ಹೋಗಿ ಕೂತಿದ್ದಾಳೆ ಅಂತ ಈಗ ಗೊತ್ತಾಯ್ತು. ಇಲ್ಲಿ ಕೆಮ್ಮಿ ಕೆಮ್ಮಿ ಸಾಕಾಗಿರಬೇಕು."

"ನಾಲಿಗೆಗೆ ಎಲುಬಿಲ್ಲ ನಿನಗೆ," ಎಂದರು ಮಾಶಿ. ಆದರೂ ಬಾಯಿಗೆ ಸೆರಗು ಅಡ್ಡ ಬಂತು.

ಆಗ ಅಕ್ಕ ಕೂತಲ್ಲಿಂದಲೇ ಕೇಳಿದರು: "ಮಾಶಿ, ಶಂಖಕ್ಕೆ ಹೊಗೆ ಇಲ್ಲವಲ್ಲ?"

ಮಾಶಿ ಸೆರಗು ಸರಿಪಡಿಸಿಕೊಂಡು ಒಲೆಯ ಕಡೆ ಹೋದರು. ಕೊನೆಗೂ ಬಂದ ಬಸ್ಸು ಹತ್ತಿ ನಾವು ಮನೆಗೆ ಬಂದೆವು.

ಮುಂದಿನ ವಾರ ಬೇಕೆಂದೇ ಸಂಜೆಯವರೆಗೆ ಉಳಿದೆವು. ಮಾಶಿ ಧೂಪಾರತಿಯನ್ನು ತುಳಸಿಯ ಬುಡದಲ್ಲೇ ಇಟ್ಟರು. ಶಂಖ ತೆಗೆದುಕೊಂಡು ಕಣಜದ ಬಾಗಿಲಿಗೆ ಬಂದು, ಒಳಗೆ ಹೋಗದೆ, ಹೊಸ್ತಿಲಲ್ಲಿ ನಿಂತು ಊದಿದರು. ಕೆನ್ನೆ ಉಬ್ಬಿ, ಕಣ್ಣು ಮುಚ್ಚಿ, ದೀರ್ಘವಾಗಿ. ನಮ್ಮ ಕಡೆ ನೋಡಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ.

ಅದೇ ಚೀಲಗಳಲ್ಲಿ ಎರಡನೆಯ ಬೆಳೆ ಬೀಸಣಿಗೆ ಬಿಚ್ಚಿದ ಹಾಗೆ ಬಂತು. ದೆವ್ವದ ಕೈ ಎಂದಿದ್ದವಳೇ ಮೊದಲು ಬೀಜ ಕೇಳಿದಳು. ಮುಂದಿನ ಚಳಿಗಾಲದ ಬೀಜವೂ ಆ ಊರಿಗೇ ಹೋಯಿತು. ಸೊಸೆ ಫ್ಲಾಟುಗಳ ದಾರಿಯನ್ನು ಬಿಡಲಿಲ್ಲ. ಅದೇ ಬಾಗಿಲುಗಳಿಗೆ ಅಣಬೆ ಬುಟ್ಟಿ ಹಿಡಿದು ಹೋಗತೊಡಗಿದಳು.

ಆಮೇಲೆ ಅಕ್ಕ ಯಾವ ಹೊಸ ಹಳ್ಳಿಗೆ ಹೋದರೂ ಮೊದಲ ಸಲ ಸಂಜೆ ನೋಡದೆ ಹೊರಡುತ್ತಿರಲಿಲ್ಲ. "ಸಂಜೀ ನೋಡದ ಮನಿಗೆ ಪಾಠ ಹೇಳಬಾರದವಾ," ಎನ್ನುತ್ತಿದ್ದರು. ಎಷ್ಟೋ ಅಂಗಳಗಳಲ್ಲಿ ನಾವಿಬ್ಬರೂ ದೀಪ ಹಚ್ಚುವ ಹೊತ್ತಿಗೆ ಕಾದು ಕೂತೆವು... ಕೂತವಳು ನಾನು, ಅವರು ಅಂಗಳದ ತುಂಬ ಓಡಾಡುತ್ತಿದ್ದರು.

ನಿವೃತ್ತಿಯಾದ ಮೇಲೆ ಅಕ್ಕ ಧಾರವಾಡದ ಕಡೆಯ ತಮ್ಮ ಊರಿಗೆ ಹೋದರು. ಹೋದ ವರ್ಷ ಕಾಯಿಲೆ ಎಂದು ತಿಳಿದು ನೋಡಲು ಹೋದೆ. ಹಾಸಿಗೆಯ ಮೇಲಿದ್ದರು, ಬೆರಳುಗಳು ಮಾತ್ರ ಹೊದಿಕೆಯ ಅಂಚನ್ನು ತಿರುವುತ್ತಲೇ ಇದ್ದವು. ಮಾಶಿಯ ಬಗ್ಗೆ ಕೇಳಿದರು. ಆ ಕಡೆಯೆಲ್ಲ ಈಗ ಎತ್ತರದ ಕಟ್ಟಡಗಳು, ಒಮ್ಮೆ ಹುಡುಕಿಕೊಂಡು ಹೋಗಿದ್ದೆ, ಆ ಓಣಿಯೇ ಸಿಗಲಿಲ್ಲ ಎಂದೆ.

ಅಕ್ಕ ಗಡಿಯಾರ ನೋಡಿದರು. "ಏಳವಾ, ನಾಕರ ಬಸ್ಸು ತಪ್ಪತೈತಿ."

"ಇವತ್ತು ಇಲ್ಲೇ ಇರ್ತೀನಿ ಅಕ್ಕಾ. ಇರೋಕೇ ಅಂತ ಬಂದಿದೀನಿ."

"ಬ್ಯಾಡ. ಹೋಗು ಅಂದ್ರ ಹೋಗಬೇಕು."

ಬಸ್ಸು ಹತ್ತಿಸಲು ಬಂದ ಅವರ ತಂಗಿಯ ಮಗಳು ಹೇಳಿದಳು, ಸಂಜೆಯಾದರೆ ದೊಡ್ಡಮ್ಮನಿಗೆ ನೋವು ಏರುತ್ತದೆ, ಆಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ಬಾಗಿಲು ಹಾಕಿಸಿಬಿಡುತ್ತಾರೆ ಎಂದು. ಬಸ್ಸು ಹೊರಟಿತು. ಬಿಸಿಲು ಇನ್ನೂ ಇತ್ತು.

ಈಗ ಇಲ್ಲಿ ಹೊತ್ತು ಮುಳುಗುತ್ತಿದೆ. ಕೆಳಗಿನ ಮನೆಯವರು ಶಂಖ ಊದಿದರು, ಓಣಿಯ ಆ ತುದಿಯಲ್ಲಿ ಇನ್ನಾರೋ ಊದುತ್ತಿದ್ದಾರೆ. ಧೂನೊ ವಾಸನೆ ಮೆಟ್ಟಿಲೇರಿ ಬರುತ್ತಿದೆ. ಎದ್ದು ಕಿಟಕಿ ತೆರೆದು ಬಂದೆ. ಮೇಲಿನ ಮಹಡಿಗೆ ಹೊಸಬರು ಬಂದು ವರ್ಷಗಳಾದವು. ಒಳ್ಳೆಯವರು, ಬಹಳ ಮೆತ್ತಗೆ ನಡೆಯುತ್ತಾರೆ. ಎಷ್ಟು ಕಿವಿಗೊಟ್ಟರೂ ಏನೂ ಕೇಳಿಸುವುದಿಲ್ಲ.