ಅತ್ತೆ ಕಾದ ಮತಪೆಟ್ಟಿಗೆ

ನನ್ನ ಸೋದರತ್ತೆಯನ್ನು ಊರಿನವರೆಲ್ಲ ಪೆಟ್ಟಿಗೆ ಅಮ್ಮ ಎಂದೇ ಕರೆಯುತ್ತಿದ್ದರು. ಪುರಸಭೆಯಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಗುಮಾಸ್ತೆ ಅವಳು; ಚುನಾವಣೆ ಬಂದರೆ ಶಾಲೆಯ ಮತಗಟ್ಟೆಗೂ ಅವಳೇ ಅಧಿಕಾರಿ. ಇಪ್ಪತ್ತೆಂಟು ವರ್ಷ ಆ ಕುರ್ಚಿಯನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಸತ್ತವರ ಹೆಸರು ತೆಗೆಯುವಾಗ ಅಳತೆಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದಳು. ತನ್ನ ಗಂಡನ ಹೆಸರಿನ ಮೇಲೂ ಹಾಗೆಯೇ ಎಳೆದಳು. ಅವತ್ತೊಂದು ದಿನ ಗೆರೆ ಸೊಟ್ಟಗಾಯಿತಂತೆ, ಅವಳೇ ಹೇಳಿದ್ದು.

ನಮ್ಮಲ್ಲಿ ದೇಶದ ಚುನಾವಣೆ ಅಂದರೆ ಸಾಲು ಶಾಲೆಯ ಗೇಟು ದಾಟಿ ಔಷಧಿ ಅಂಗಡಿ ಮುಟ್ಟುತ್ತಿತ್ತು. ಅಪ್ಪ ಮಕ್ಕಳು ಸಾಲಿನಲ್ಲೇ ಜಗಳವಾಡಿ ಬೇರೆ ಬೇರೆ ಪಕ್ಷಕ್ಕೆ ಮುದ್ರೆ ಒತ್ತಿ, ಒಂದೇ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿದ್ದರು. ಹನ್ನೊಂದು ದೇಶಗಳು ಸೇರಿ ಮಾಡಿಕೊಂಡ ಒಕ್ಕೂಟದ ಸಭೆಗೂ ನಾವು ಪ್ರತಿನಿಧಿಯನ್ನು ಆರಿಸಬೇಕಿತ್ತು. ಆ ದಿನ ಮಾತ್ರ ಅತ್ತೆಗೆ ನೊಣ ಹೊಡೆಯುವ ಕೆಲಸ. ಅದಕ್ಕೆ ಬೇರೆ ಪಟ್ಟಿ, ಬೇರೆ ಅರ್ಜಿ. ಅರ್ಜಿ ತುಂಬಿ ಎಂದು ಅತ್ತೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. "ಆಗಲಿ, ನೋಡೋಣ" ಅನ್ನುತ್ತಿದ್ದರು ಜನ. ನೋಡೋಣ ಅಂದವರು ಯಾವತ್ತಾದರೂ ನೋಡಿದ್ದುಂಟೆ?

ಅತ್ತೆಯ ತಮ್ಮ, ಅಂದರೆ ನಮ್ಮಪ್ಪ, ಬೇಕರಿಯವನು. ತಾತ ಕಟ್ಟಿಸಿದ ಸೌದೆ ಭಟ್ಟಿಯಲ್ಲಿ ಬ್ರೆಡ್ಡು, ಬನ್ನು, ರಸ್ಕು ಬೇಯಿಸುತ್ತಿದ್ದ. ಒಂದು ದಿನ ಪುರಸಭೆಯಿಂದ ನೋಟಿಸು ಬಂತು. ಹೊಗೆ ತಡೆಯಲು ಒಕ್ಕೂಟ ನಿಯಮ ಮಾಡಿದೆ, ಪೇಟೆಯೊಳಗಿನ ಸೌದೆ ಭಟ್ಟಿಗಳನ್ನೆಲ್ಲ ವರ್ಷದೊಳಗೆ ಮುಚ್ಚಬೇಕು ಎಂದು ಅದರಲ್ಲಿತ್ತು. ಅಪ್ಪ ಹಿಟ್ಟಿನ ಕೈಯಲ್ಲೇ ಅದನ್ನು ಹಿಡಿದುಕೊಂಡು ಅತ್ತೆಯ ಮೇಜಿನ ಮುಂದೆ ಹೋಗಿ ನಿಂತ. ಹಿಂದೆ ನಾನೂ ಇದ್ದೆ.

"ಯಾರಕ್ಕ ಇವರು? ನಮ್ಮ ಊರೂ ನೋಡಿಲ್ಲ, ನನ್ನ ಭಟ್ಟೀನೂ ನೋಡಿಲ್ಲ. ಇವರನ್ನ ಯಾರು ಆರಿಸಿದ್ದು?"

"ಒಬ್ಬನನ್ನ ನಾವೇ ಆರಿಸಿ ಕಳಿಸಿದೀವಿ ಕಣೋ."

"ಅವನು ನಿಯಮ ಬರೀತಾನಾ?"

"ಇಲ್ಲ. ಬರೆಯೋರು ಅಲ್ಲಿನ ಅಧಿಕಾರಿಗಳು. ಇವರು ಆಗಬಹುದು, ಆಗಲ್ಲ ಅಂತಾರೆ."

"ಅಂದ್ರೆ ಅಡುಗೆ ಮಾಡೋನೇ ಬೇರೆ, ಎಂಜಲು ಎಲೆ ಎತ್ತೋಕೆ ಮಾತ್ರ ನಾವು ಕಳಿಸಿದೋನು. ನಮ್ಮ ಮಂತ್ರಿಯಾದ್ರೆ ವೋಟು ಕೇಳೋಕೆ ಬಂದಾಗ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು."

ಅತ್ತೆ ಆ ವಾರವೆಲ್ಲ ಒಕ್ಕೂಟದ ನಡಾವಳಿಯ ಪುಟ ತಿರುವಿ, ಅಪ್ಪ ಕೊರಳಪಟ್ಟಿ ಹಿಡಿಯಬೇಕೆಂದಿದ್ದ ಆ ಮಂತ್ರಿಯೇ ಅಲ್ಲಿನ ಮಂತ್ರಿಗಳ ಸಭೆಗೆ ಹೋಗಿ ಈ ನಿಯಮಕ್ಕೆ ಕೈ ಎತ್ತಿದ್ದನ್ನು ಹುಡುಕಿ ತೆಗೆದಳು. ಊರಿಗೆ ಬಂದು ಅದೇ ಮನುಷ್ಯ "ನಾವೇನು ಮಾಡೋಣ, ಎಲ್ಲ ಮೇಲಿನವರದ್ದು" ಎಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವ ಈ ಜಾತಿಯವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿಯಮದ ಕೊನೆಯ ಪುಟದಲ್ಲಿ ಅತ್ತೆಗೆ ಒಂದು ದಾರಿಯೂ ಸಿಕ್ಕಿತು. ಒಂದು ಊರಿನ ಸಾವಿರ ಮತದಾರರು ಸಹಿ ಹಾಕಿ ಕೇಳಿದರೆ ಹಳೆಯ ಭಟ್ಟಿಗೆ ವಿನಾಯಿತಿ ಕೊಡಬಹುದಿತ್ತು. ಅಪ್ಪ ಒಂದು ತಿಂಗಳು ಬನ್ನಿನ ಬುಟ್ಟಿಯ ಜೊತೆ ಕಾಗದ ಹಿಡಿದು ಮನೆ ಮನೆ ತಿರುಗಿದ. ಸಾವಿರದ ಮುನ್ನೂರು ದಾಟಿತು. ಸಹಿಗಳನ್ನು ಪಟ್ಟಿಯೊಂದಿಗೆ ತಾಳೆ ನೋಡುವ ಕೆಲಸ ಅತ್ತೆಯದೇ ಆಗಿದ್ದರಿಂದ ಭಟ್ಟಿ ಉಳಿಯಿತು ಎಂದೇ ನಾವೆಲ್ಲ ತಿಳಿದೆವು.

ಕಾಗದ ಕೊಟ್ಟ ನಾಲ್ಕನೆಯ ದಿನ ಅತ್ತೆ ಬೇಕರಿಗೆ ಬಂದಳು. ಕೂರಲಿಲ್ಲ.

"ಒಂಬೈನೂರ ಅರವತ್ತೊಂದು," ಅಂದಳು. "ಉಳಿದವರು ದೇಶದ ಪಟ್ಟೀಲಿ ಇದ್ದಾರೆ. ಒಕ್ಕೂಟದ ಪಟ್ಟೀಲಿಲ್ಲ. ಅವರ ಸಹಿ ನಡೆಯಲ್ಲ."

"ಅವರೂ ಈ ಊರಿನವರೇ ಅಲ್ವಾ ಅಕ್ಕ? ಹಾಲಿನವನು, ಟೈಲರು, ಡಾಕ್ಟರು... ಎಲ್ಲ ನಿನಗೆ ಗೊತ್ತಿರೋರೇ."

"ಗೊತ್ತಿದ್ರೆ ಆಗಲ್ಲ, ಪಟ್ಟೀಲಿರಬೇಕು. ಅರ್ಜಿ ತುಂಬಿ ಅಂತ ಬಾಯಿ ಬಡ್ಕೊಂಡೆ, ಇವರ್ಯಾರೂ ಕೇಳಲಿಲ್ಲ. ಹೋದ ಸಲ ಬೆಳಗಿಂದ ಕೂತಿದ್ದೆ, ನೀನಾದ್ರೂ ಬಂದ್ಯಾ? ಮತ ಹಾಕೋಕೆ ಬರಲ್ಲ, ಆಮೇಲೆ ಯಾರು ಆರಿಸಿದ್ದು ಅಂತೀರ."

ಅಪ್ಪ ಹಿಟ್ಟು ನಾದುವುದನ್ನು ನಿಲ್ಲಿಸಿದ. ದನಿ ಏರಿಸದೆ ಹೇಳಿದ. "ಬಂದಿದ್ದೆ ಅಕ್ಕ. ಅಂಗಡಿಯ ನಾಲ್ಕು ಜನರನ್ನೂ ಕರ್ಕೊಂಡು ಬಂದಿದ್ದೆ. ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಬಾಗಿಲಿಗೆ ಬೀಗ."

ಅತ್ತೆಯ ಮುಖ ಬಿಳಿಚಿಕೊಂಡಿತು. ಅವತ್ತು ಮೂರು ಗಂಟೆಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಪೆಟ್ಟಿಗೆ ಒಯ್ಯುವ ಆರರ ಬಸ್ಸು ತಪ್ಪಿದರೆ ಮುಂದಿನದು ಎಂಟಕ್ಕೆ. "ಇನ್ನು ಯಾರು ಬರ್ತಾರೆ" ಎಂದು ಕಾವಲಿನವನಿಗೆ ಹೇಳಿ ಬೀಗ ಹಾಕಿಸಿದ್ದಳು. ದೇಶದ ಚುನಾವಣೆಯಲ್ಲಿ ಅವಳು ಒಂದು ನಿಮಿಷವೂ ಮುಂಚೆ ಮುಚ್ಚಿದವಳಲ್ಲ.

"ಯಾಕೋ ಹೇಳಲಿಲ್ಲ?"

"ನೀನೇ ಮುಚ್ಚಿದ್ದೀಯ ಅಂದ್ರೆ ಟೈಮ್ ಆಗಿರಬೇಕು, ನನ್ನ ಗಡಿಯಾರವೇ ಸರಿಯಿಲ್ಲ ಅನ್ಕೊಂಡೆ. ಆಮೇಲೆ ರಿಪೇರಿಯವನು ಸರಿಯಾಗಿದೆ ಅಂದ."

ಬೇರೆಯವರಾಗಿದ್ದರೆ ಸಾವಿರಕ್ಕೆ ಕಮ್ಮಿ ಬಿದ್ದ ಆ ಮೂವತ್ತೊಂಬತ್ತು ಸಹಿಗೆ ಕಣ್ಣು ಮುಚ್ಚಿ ಮುದ್ರೆ ಒತ್ತುತ್ತಿದ್ದರು. ಒತ್ತು ಅತ್ತೆ ಎಂದು ನಾನೇ ಹೋಗಿ ಕಾಲು ಹಿಡಿದೆ. ಒತ್ತಲಿಲ್ಲ. ಒಂಬೈನೂರ ಅರವತ್ತೊಂದು ಎಂದೇ ಬರೆದು ಕಳಿಸಿದಳು. ಜೊತೆಗೆ, ಇಂಥ ದಿನ ಮತಗಟ್ಟೆಯನ್ನು ಹತ್ತು ನಿಮಿಷ ಮುಂಚೆ ಮುಚ್ಚಿ ಐವರ ಮತ ತಪ್ಪಿಸಿದ್ದೇನೆ, ಏನು ಶಿಕ್ಷೆಯೋ ಕೊಡಿ ಎಂದು ಒಕ್ಕೂಟದ ಕಚೇರಿಗೆ ತನ್ನ ಮೇಲೆ ತಾನೇ ದೂರು ಬರೆದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಭಟ್ಟಿಯ ಅರ್ಜಿ ಎರಡು ವಾರದಲ್ಲಿ ತಿರಸ್ಕೃತವಾಗಿ ಬಂತು. ಅವಳ ದೂರಿಗೆ ಉತ್ತರ ಬಂದದ್ದು ಏಳು ತಿಂಗಳಾದ ಮೇಲೆ, ಭಟ್ಟಿ ಆರಿಸಬೇಕಾದ ವಾರವೇ. ಅದನ್ನು ಹಿಡಿದು ನೇರವಾಗಿ ಬೇಕರಿಗೆ ಬಂದಳು. ಅಪ್ಪ ಕೊನೆಯ ಬ್ರೆಡ್ಡುಗಳನ್ನು ಹೊರಗೆ ಎಳೆಯುತ್ತಿದ್ದ. ಅತ್ತೆ ಕನ್ನಡಕ ಹಾಕಿಕೊಂಡು ಓದಿದಳು: ತಮ್ಮ ಪತ್ರ ತಲುಪಿದೆ, ಫಲಿತಾಂಶದ ಮೇಲೆ ಪರಿಣಾಮ ಆಗಿಲ್ಲವಾದ್ದರಿಂದ ಕಡತವನ್ನು ಮುಕ್ತಾಯ ಮಾಡಲಾಗಿದೆ. ಕೆಳಗೆ ಸಹಿಯಿರಲಿಲ್ಲ, ಒಂದು ಸಂಖ್ಯೆ ಇತ್ತು.

"ಇಷ್ಟೇನಾ?" ಅಂದಳು ಅತ್ತೆ. "ತಪ್ಪು ಮಾಡಿದೀನಿ ಅಂತ ನಾನೇ ಬರೆದರೂ ಬೈಯೋಕೆ ಒಬ್ಬ ಗತಿಯಿಲ್ವಾ ಅಲ್ಲಿ?"

ಅಪ್ಪ ಬ್ರೆಡ್ಡು ಎಳೆಯುವ ಉದ್ದ ಹಿಡಿಯ ಹಲಗೆಯನ್ನು ಗೋಡೆಗೆ ಒರಗಿಸಿದ.

"ನಾನಿದೀನಲ್ಲ," ಅಂದ.

ಆಮೇಲೆ ಬೈದ. ತಾಯಿ ಸತ್ತ ಮೇಲೆ ತನ್ನನ್ನು ಎತ್ತಿ ಆಡಿಸಿ ಸಾಕಿದ ಅಕ್ಕನನ್ನು, ಜೀವಮಾನದಲ್ಲಿ ಒಂದೇ ಒಂದು ಸಲ, ಬಾಯಿಗೆ ಬಂದ ಹಾಗೆ ಬೈದ. "ಐದು ಜನ ನಿಂತಿದ್ವಿ! ಸಂಜೆ ಬ್ರೆಡ್ಡು ಒಲೇಲಿ ಬಿಟ್ಟು ಬಂದಿದ್ವಿ! ನೂರು ಜನ ಬರ್ಲಿ, ಯಾರೂ ಬರದೇ ಇರ್ಲಿ, ಬಾಗಿಲು ತೆಗೆದಿಡೋದು ತಾನೇ ನಿನ್ನ ಕೆಲಸ!" ಎಂದು ಕೂಗಿದ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು.

"ಇನ್ನೂ ಇದ್ರೆ ಹೇಳು," ಅಂದಳು.