ಸಮುದ್ರದ ಓತಿಕ್ಯಾತದ ಅಳತೆ

ನಮ್ಮ ಮನೆಯಲ್ಲಿ ಯುಗಾದಿಯ ದಿನ ಎಣ್ಣೆಸ್ನಾನ ಆದ ಮೇಲೆ, ಊಟಕ್ಕೆ ಕೂರುವ ಮುಂಚೆ, ಎಲ್ಲರೂ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಬೇಕು. ನೆತ್ತಿಯ ಮೇಲೆ ಮರದ ಪಟ್ಟಿ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಇಸವಿ ಬರೆಯುವುದು ನನ್ನ ಕೆಲಸ. ಹೊಸೂರಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರಾಗಿದ್ದೆ. ಪ್ರತಿ ಜೂನ್ ತಿಂಗಳು ಮಕ್ಕಳ ಎತ್ತರ ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ಯಾವ ಮಗುವಿನದಾದರೂ ಹೋದ ವರ್ಷಕ್ಕಿಂತ ಕಡಿಮೆ ಬಂದರೆ ಅಳೆದವನದೇ ತಪ್ಪು. ಇನ್ನೊಮ್ಮೆ ಅಳೆಯಬೇಕು, ಆಗಲೂ ಕಡಿಮೆ ಬಂದರೆ ಹಳೆಯ ಅಂಕಿಯನ್ನೇ ಉಳಿಸಿಕೊಳ್ಳಬೇಕು. ಇದು ನನಗೆ ಹಿರಿಯ ಮೇಷ್ಟ್ರು ಕಲಿಸಿದ ನಿಯಮ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಯ ನೆತ್ತಿಯ ಮೇಲಿಟ್ಟ ಪಟ್ಟಿ ಹಳೆಯ ಗೆರೆಗಿಂತ ಒಂದು ಬೆರಳು ಕೆಳಗೆ ನಿಂತಿತು.

"ನೆಟ್ಟಗೆ ನಿಂತ್ಕೊ," ಎಂದೆ.

"ನಿಂತೇ ಇದ್ದೀನಲ್ರೀ. ಇನ್ನೂ ನೆಟ್ಟಗೆ ಅಂದ್ರೆ ತೊಲೆಗೇ ನೇತು ಹಾಕ್ಬೇಕು."

ಇನ್ನೊಮ್ಮೆ ಅಳೆದೆ. ಅಷ್ಟೇ ಬಂತು. ಹಳೆಯ ಗೆರೆಯ ಪಕ್ಕದಲ್ಲೇ ಹೊಸ ಇಸವಿ ಬರೆದೆ. ಆಮೇಲಿನ ಎರಡು ಯುಗಾದಿಗಳಲ್ಲೂ ಹಾಗೆಯೇ ಮಾಡಿದೆ.

ಹೋದ ದೀಪಾವಳಿ ಮುಗಿದ ವಾರ ಅವಳು ಅಡುಗೆಮನೆಯಲ್ಲಿ ಸ್ಟೂಲಿನಿಂದ ಬಿದ್ದಳು. ಮೇಲಿನ ಹಲಗೆಯ ಮೇಲಿದ್ದ ಹುಣಸೆಹಣ್ಣಿನ ಡಬ್ಬ ತೆಗೆಯಲು ಹತ್ತಿದ್ದಳು. ಮತ್ತಿಗಿರಿಯ ನಮ್ಮ ಮನೆಯ ಮಹಡಿಯಲ್ಲೇ ಮಗಳು, ಅಳಿಯ ಇದ್ದಾರೆ. ಅವರು ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಬೆನ್ನಿನ ಒಂದು ಎಲುಬು ಕುಸಿದಿದೆ, ಇನ್ನೆರಡು ಎಲುಬು ಮೊದಲೇ ಕುಸಿದಿದ್ದ ಹಾಗಿದೆ ಎಂದರು ಡಾಕ್ಟರು. ಇತ್ತೀಚೆಗೆ ಇವರ ಎತ್ತರ ಏನಾದರೂ ಕಡಿಮೆಯಾಗಿತ್ತೇ ಎಂದು ತಮಿಳಿನಲ್ಲಿ ಕೇಳಿದರು. ಇಲ್ಲ, ನಾನು ಪ್ರತಿ ವರ್ಷ ಅಳೆಯುತ್ತೇನೆ ಎಂದು ನಾನೂ ತಮಿಳಿನಲ್ಲೇ ಹೇಳಿದೆ. ಅದು ಸುಳ್ಳೆಂದು ಆಗ ನನಗೆ ಹೊಳೆಯಲಿಲ್ಲ. ಗೆರೆ ಇತ್ತು, ಇಸವಿ ಇತ್ತು.

ಅವಳು ಮತ್ತೆ ತಾನಾಗಿ ಎದ್ದು ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದರು.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಐದಕ್ಕೆ ಎದ್ದೆ, ಆರಕ್ಕೆ ಅವಳ ಮಗ್ಗುಲು ಬದಲಿಸಿದೆ, ಎಂಟಕ್ಕೆ ಮಾತ್ರೆ. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಮಗಳು ಅತ್ತಾಗ ಗಡಿಯಾರ ನೋಡಿದ್ದು ನೆನಪಿದೆ. ಸಂಜೆ ನಾಲ್ಕಕ್ಕೆ, ಟೀ ಆದ ಮೇಲೆ, ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ದಿನಕ್ಕೊಂದು ಪ್ರಾಣಿಯ ಪಾಠ ಹೇಳುತ್ತಿದ್ದೆ. ಬೇರೆ ಮಾತು ನನಗೆ ಬರುತ್ತಿರಲಿಲ್ಲ. ಎರೆಹುಳು, ಜೇನು ಅವಳಿಗೆ ಬೇಸರ ತಂದವು. ಓತಿಕ್ಯಾತದ ಹಾಗಿರುವ ಸಮುದ್ರದ ಇಗುವಾನ ಮಾತ್ರ ಹಿಡಿಸಿತು.

"ಆ ಓತಿಕ್ಯಾತದ್ದೇ ಯೋಳಿ," ಎನ್ನುತ್ತಿದ್ದಳು.

ಹೇಳುತ್ತಿದ್ದೆ. ಗ್ಯಾಲಪಗೋಸ್ ದ್ವೀಪಗಳ ಕಪ್ಪು ಬಂಡೆಗಳ ಮೇಲೆ ಅದರ ವಾಸ. ಹಲ್ಲಿಗಳಲ್ಲಿ ಕಡಲಿಗಿಳಿದು ಹೊಟ್ಟೆ ಹೊರೆಯುವುದು ಅದೊಂದೇ. ತಿನ್ನುವುದು ಬಂಡೆಗೆ ಅಂಟಿದ ಪಾಚಿ. ಕೆರೆದು ತಿನ್ನಲು ಅನುಕೂಲವಾಗುವಂತೆ ಮೂತಿ ಮೊಂಡು. ಅಲೆ ಎಳೆಯದಂತೆ ಕಚ್ಚಿಕೊಳ್ಳಲು ಉಗುರು ಉದ್ದ. ಈಜಲು ಬಾಲ ಪಕ್ಕದಿಂದ ಚಪ್ಪಟೆ. ಹೆಣ್ಣುಗಳು, ಸಣ್ಣವು ನೀರು ಇಳಿದಾಗ ದಡದಲ್ಲೇ ಮೇಯುತ್ತವೆ. ದೊಡ್ಡ ಗಂಡುಗಳು ಮಾತ್ರ ಮುಳುಗುತ್ತವೆ. ನೀರು ಬಹಳ ತಣ್ಣಗೆ. ಒಳಗಿರುವಷ್ಟು ಹೊತ್ತು ಎದೆಬಡಿತ ನಿಧಾನ, ಮೈ ತಣ್ಣಗಾಗುತ್ತಾ ಹೋಗುತ್ತದೆ. ಕೈಕಾಲು ಆಡುವಷ್ಟು ಬಿಸಿ ಉಳಿದಿರುವಾಗಲೇ ಮೇಲೆ ಬರಬೇಕು. ಬಂದು ಬಂಡೆಯ ಮೇಲೆ ಬಿಸಿಲಿಗೆ ಬಿದ್ದಿರುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಹೀರಲಿಕ್ಕೆ. ಪಾಚಿಯ ಜೊತೆ ಒಳಹೋದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಅದು ತಲೆಯ ಮೇಲೇ ಬಿದ್ದು ಬೆಳ್ಳಗೆ ಒಣಗುತ್ತದೆ.

"ನಿಮ್ ತಲೆ ಇದ್ದಂಗೆ," ಎಂದಳು.

"ಪಾಠದ ಮಧ್ಯೆ ಮಾತಾಡ್ಬೇಡ."

"ಬೆಂಚಿನ್ ಮೇಲೆ ನಿಲ್ಲಿಸ್ತೀರಾ? ನಿಲ್ಲಿಸಿ ನೋಡಣ."

ನನ್ನ ಹಳೆಯ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೆ. ಮಾರನೆಯ ದಿನದ ಪಾಠಕ್ಕೆಂದು ಮಗಳ ಫೋನಿನಲ್ಲಿ ಮುಂದಿನದನ್ನು ಹುಡುಕಿ, ಹೆಂಡತಿಯ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದೆ. ಕೆಲವು ವರ್ಷ ಕಡಲು ಬಿಸಿಯಾಗಿ ಪಾಚಿ ಸಾಯುತ್ತದೆ. ಆಗ ಈ ಇಗುವಾನ ಬಡಕಲಾಗುವುದಷ್ಟೇ ಅಲ್ಲ, ಉದ್ದದಲ್ಲೂ ಕುಗ್ಗುತ್ತದೆ. ಎಲುಬೂ ಕುಗ್ಗುತ್ತದೆ ಎಂದು ಅಳತೆ ಮಾಡಿದವರು ಹೇಳುತ್ತಾರೆ. ಮೊದಲು ಅವರು ತಮ್ಮ ಅಳತೆಯೇ ತಪ್ಪೆಂದುಕೊಂಡಿದ್ದರಂತೆ.

ಅಲ್ಲಿಗೆ ನಿಲ್ಲಿಸಿದೆ.

"ಮುಂದಕ್ಕೆ?" ಎಂದಳು.

"ಮೂರು ವರ್ಷದಿಂದ ನಿನ್ನ ಗೆರೆ ನಾನು ಸುಳ್ಳು ಹಾಕಿದ್ದೀನಿ. ಪಟ್ಟಿ ಕೆಳಗೆ ಬತ್ತಿತ್ತು. ಹಳೇ ಗೆರೆಗೇ ಇಸವಿ ಬರೆದೆ. ಡಾಕ್ಟ್ರಿಗೂ ಅದನ್ನೇ ಹೇಳ್ಬುಟ್ಟೆ."

ಅವಳು ಸೂರು ನೋಡುತ್ತಾ ಮಲಗಿದ್ದಳು.

"ನಂಗೊತ್ತಿತ್ತು ಕಣ್ರೀ. ಮೇಲಿನ್ ಹಲಗೆ ಎಟುಕ್ತಿರ್ಲಿಲ್ಲ. ಅದ್ಕೇ ಹುಣ್ಸೆಹಣ್ಣಿನ್ ಡಬ್ಬ ಕೆಳಗಿಡ್ತಿದ್ದೆ. ನೀವು ಎತ್ತಿ ಎತ್ತಿ ಮೇಲಿಡ್ತಿದ್ರಿ."

ಹೌದು, ಇಡುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಜಾಗ ಮೇಲಿನ ಹಲಗೆ, ಬಲಗಡೆಯಿಂದ ಎರಡನೆಯದು. ಅದು ಕೆಳಗೆ ಕಂಡಾಗಲೆಲ್ಲ ಅವಳ ಮರೆವೆಂದುಕೊಂಡು ಜಾಗಕ್ಕೆ ಸೇರಿಸುತ್ತಿದ್ದೆ.

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೆಟ್ಟಗೆ ನಿಂತ್ಕೊ ಅಂತಿದ್ರಿ."

ಮಾರನೆಯ ಬೆಳಿಗ್ಗೆ ಡಾಕ್ಟರ ಬಳಿ ಹೋಗಿ ಇದ್ದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಮೊದಲೇ ಗೊತ್ತಾಗಿದ್ದರೆ ಎಲುಬಿನ ಔಷಧಿ ಆಗಲೇ ಶುರು ಮಾಡಬಹುದಿತ್ತು ಎಂದು ಹೇಳಿ, ಈಗ ಶುರು ಮಾಡಲು ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ಮನೆಗೆ ಬಂದೆ. ಹನ್ನೆರಡೂವರೆ ಆಗಿತ್ತು. ಊಟ ಮಾಡಿದೆ.

ಈ ಯುಗಾದಿಗೆ ಅವಳು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಒಂದು ಕೈ ಗೋಡೆಗೆ ಊರಿ, ಕೋಣೆಯಿಂದ ಅಡುಗೆಮನೆಯ ಬಾಗಿಲವರೆಗೆ ನಡೆದಳು. ಮಗಳು ಹಿಡಿಯಲು ಹೋದರೆ ಬೇಡವೆಂದಳು. ಚೌಕಟ್ಟಿಗೆ ಬೆನ್ನು ಕೊಟ್ಟಳು. ನೆಟ್ಟಗೆ ನಿಂತ್ಕೊ ಎಂದು ನಾನು ಹೇಳಲಿಲ್ಲ. ಪಟ್ಟಿ ನಿಂತಲ್ಲಿಗೆ ಗೆರೆ ಎಳೆದೆ. ಹಳೆಯ ಗೆರೆಗಿಂತ ಮೂರು ಬೆರಳು ಕೆಳಗೆ.

ಅವಳು ನಿಧಾನವಾಗಿ ತಿರುಗಿ ನೋಡಿದಳು.

"ನಿಮ್ ಓತಿಕ್ಯಾತ ಆಮ್ಯಾಕೆ ಏನಾಯ್ತದೆ? ಅವತ್ತು ಅರ್ಧಕ್ಕೇ ಬಿಟ್ರಿ."

"ಪಾಚಿ ಬಂದ್ಮೇಲೆ ಮತ್ತೆ ಉದ್ದ ಆಯ್ತದೆ."

"ನಾನು?"

"ನಿಂಗೆ ಆಗಲ್ಲ."

ತಲೆಯಾಡಿಸಿದಳು. ಸಾರಿಗೆ ಹುಣಸೆಹಣ್ಣು ನೆನೆಸಬೇಕೆಂದು ಒಳಗೆ ಹೋದಳು. ಡಬ್ಬ ಕೆಳಗಿನ ಹಲಗೆಯ ಮೇಲಿತ್ತು. ನಾನು ಗೆರೆಯ ಪಕ್ಕ ಇಸವಿ ಬರೆದು, ಮೂರು ವರ್ಷದ ಸುಳ್ಳು ಇಸವಿಗಳನ್ನು ರಬ್ಬರಿನಿಂದ ಅಳಿಸಿದೆ.